ಕರ್ನಲ್‌ನ ಸಮಯದ ಕೋಡ್ ಬದಲಾದಾಗ ರಿವ್ಯೂ ಮಾಡುವವರು ಏನೇನು ನೋಡಬೇಕು?

ಹುಬ್ಬಳ್ಳಿ_ಎಂಬೆಡೆಡ್

ಎಲ್ಲರಿಗೂ ನಮಸ್ಕಾರ. 32 ಬಿಟ್‌ನ ಆರ್ಮ್ ಪ್ರೊಸೆಸರ್ ಇರುವ ಒಂದು ಕೈಗಾರಿಕಾ ಬೋರ್ಡ್‌ಗೆ ಲಿನಕ್ಸ್ ಕರ್ನಲ್ ಹೊಂದಿಸುವ ತಂಡದಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮವರೇ ಬರೆದ ಮೂರು ಪ್ಯಾಚ್‌ಗಳನ್ನು (ಕೋಡ್ ಬದಲಾವಣೆಗಳನ್ನು) ಕರ್ನಲ್‌ನ ಆಯಾ ಭಾಗ ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಕಳುಹಿಸುವ ಮೊದಲು ರಿವ್ಯೂ ಮಾಡುವ ಹೊಣೆ ನನಗೆ ಬಂದಿದೆ. ಮೂರೂ ಸಮಯಕ್ಕೆ ಸಂಬಂಧಿಸಿದವು, ಮೂರೂ ಚಿಕ್ಕವು.

ಮೊದಲನೆಯ ಪ್ಯಾಚ್ ಒಂದು ಸೆನ್ಸರ್ ಡ್ರೈವರ್‌ನದು. ಎರಡು ರೀಡಿಂಗ್‌ಗಳ ನಡುವೆ ಎಷ್ಟು ಸಮಯ ಕಳೆಯಿತೆಂದು ಅಳೆಯಲು ಅಲ್ಲಿ ಗೋಡೆ ಗಡಿಯಾರವನ್ನು (ದಿನಾಂಕ, ಗಂಟೆ ತೋರಿಸುವ ಗಡಿಯಾರ) ಓದುವ ಕೆಟೈಮ್_ಗೆಟ್_ರಿಯಲ್ ಎಂಬ ಫಂಕ್ಷನ್ ಇತ್ತು. ಈಗ ಅದರ ಜಾಗದಲ್ಲಿ ಮೊನೊಟಾನಿಕ್ (ಎಂದೂ ಹಿಂದೆ ಸರಿಯದ) ಗಡಿಯಾರ ಓದುವ ಕೆಟೈಮ್_ಗೆಟ್ ಬಂದಿದೆ. ಎರಡನೆಯದು ಬೋರ್ಡ್‌ನ ಕ್ಲಾಕ್‌ಸೋರ್ಸ್ (ಸಮಯ ಎಣಿಸಲು ಕರ್ನಲ್ ಓದುವ ಕೌಂಟರ್) ಡ್ರೈವರ್‌ನದು. 24 ಮೆಗಾಹರ್ಟ್ಸ್ ವೇಗದ ಹಾರ್ಡ್‌ವೇರ್ ಕೌಂಟರ್‌ನ ಕೆಳಗಿನ 32 ಬಿಟ್‌ಗಳನ್ನು ಮಾತ್ರ ಓದುತ್ತಿದ್ದ ಫಂಕ್ಷನ್ ಈಗ ಮೊದಲು ಮೇಲಿನ ರಿಜಿಸ್ಟರ್, ಆಮೇಲೆ ಕೆಳಗಿನ ರಿಜಿಸ್ಟರ್ ಓದಿ, ಎರಡನ್ನೂ ಸೇರಿಸಿ 64 ಬಿಟ್‌ನ ಸಂಖ್ಯೆ ಕೊಡುತ್ತದೆ. ಅದಕ್ಕೆ ತಕ್ಕಂತೆ, ಕೌಂಟರ್‌ನ ಎಷ್ಟು ಬಿಟ್ ಲೆಕ್ಕಕ್ಕೆ ಎಂದು ಹೇಳುವ ಮಾಸ್ಕ್ ಕೂಡ 32ರಿಂದ 64 ಬಿಟ್‌ಗೆ ಏರಿದೆ. ಮೂರನೆಯದು, ಇಂಟರಪ್ಟ್ ಬಂದಾಗ ಸಮಯ ಗುರುತಿಸಿಕೊಳ್ಳುವ ಜಾಗದಲ್ಲಿ ಕೆಟೈಮ್_ಗೆಟ್ ಬದಲು ಅದರ ಒರಟು ರೂಪವಾದ ಕೆಟೈಮ್_ಗೆಟ್_ಕೋರ್ಸ್ ಬಳಸುತ್ತದೆ.

ಪ್ಯಾಚ್ ಬರೆದವರ ವಾದ ಸರಳವಾಗಿದೆ: ಕಂಪೈಲ್ ಆಗುತ್ತದೆ, ರಾತ್ರಿಯಿಡೀ ಟೆಸ್ಟ್ ಓಡಿದೆ, ಒಂದೂ ತೊಂದರೆ ಬಂದಿಲ್ಲ, ಆದ್ದರಿಂದ ಪರಿಶೀಲಿಸಿದ್ದೇನೆ ಎಂಬ ರಿವ್ಯೂಡ್-ಬೈ ಸಾಲು ಹಾಕಿ. ಬದಲಾದ ಸಾಲುಗಳನ್ನು ಮಾತ್ರ ನೋಡಿದರೆ ನನಗೂ ತಪ್ಪೇನೂ ಕಾಣುತ್ತಿಲ್ಲ. ಆದರೂ ಹೆಸರು ಹಾಕಲು ಮನಸ್ಸು ಒಪ್ಪುತ್ತಿಲ್ಲ. ಇಂತಹ ಕೋಡ್ ಓದುವಾಗ ನೀವು ಯಾವ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೀರಿ?

ಶೂನ್ಯಬಿಟ್

ಮೂರೂ ಸೇರಿ ಇಪ್ಪತ್ತು ಸಾಲೂ ಇರಲಾರವು. ಟೆಸ್ಟ್ ಪಾಸ್ ಆಗಿದ್ದರೆ ಇಷ್ಟು ಯೋಚಿಸುವ ಅಗತ್ಯ ನನಗೆ ಕಾಣುವುದಿಲ್ಲ. ತಪ್ಪಿದ್ದರೆ ಮೇಂಟೇನರ್‌ಗಳೇ ಹೇಳುತ್ತಾರೆ.

ಸಹ್ಯಾದ್ರಿ

ಶೂನ್ಯಬಿಟ್ ಅವರೇ, ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೆಯ ಪ್ಯಾಚ್‌ನಲ್ಲಿ ಗಂಭೀರವಾದ ತಪ್ಪಿದೆ, ಅದು ಒಂದು ರಾತ್ರಿಯ ಟೆಸ್ಟ್‌ನಲ್ಲಿ ಸಿಗುವಂಥದ್ದಲ್ಲ.

24 ಮೆಗಾಹರ್ಟ್ಸ್‌ನಲ್ಲಿ ಓಡುವ 32 ಬಿಟ್ ಕೌಂಟರ್ ಸುಮಾರು 179 ಸೆಕೆಂಡಿಗೊಮ್ಮೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ, ಆಗ ಮೇಲಿನ ರಿಜಿಸ್ಟರ್ ಒಂದು ಹೆಚ್ಚುತ್ತದೆ. ಮೇಲಿನದನ್ನು ಓದಿದಾಗ ಅದರಲ್ಲಿ 5 ಇತ್ತು ಎಂದುಕೊಳ್ಳಿ. ಕೆಳಗಿನದನ್ನು ಓದುವಷ್ಟರಲ್ಲಿ ಅದು ತುಂಬಿ ಸೊನ್ನೆಯಾಯಿತು. ನಿಜವಾದ ಬೆಲೆ 6 ಮತ್ತು ಸೊನ್ನೆ. ನಿಮ್ಮ ಫಂಕ್ಷನ್ ಕೊಡುವುದು 5 ಮತ್ತು ಸೊನ್ನೆ. ಅಂದರೆ ಗಡಿಯಾರ ಒಂದೇ ಏಟಿಗೆ 179 ಸೆಕೆಂಡ್ ಹಿಂದಕ್ಕೆ ಹೋಯಿತು. ಓದುವ ಕ್ರಮವನ್ನು ತಿರುಗಿಸಿದರೂ ಪಾರಾಗುವುದಿಲ್ಲ. ಆಗ ಅಷ್ಟೇ ಸೆಕೆಂಡ್ ಮುಂದಕ್ಕೆ ಜಿಗಿಯುತ್ತದೆ.

ಇನ್ನು ಮಾಸ್ಕ್ ನೋಡಿ. ಈಗಿನ ಬೆಲೆಯಿಂದ ಹಿಂದಿನ ಬೆಲೆಯನ್ನು ಕಳೆದು, ಬಂದದ್ದಕ್ಕೆ ಮಾಸ್ಕ್ ಹಾಕಿ ಕರ್ನಲ್ ವ್ಯತ್ಯಾಸ ತೆಗೆಯುತ್ತದೆ. 32 ಬಿಟ್ ಮಾಸ್ಕ್ ಇದ್ದಾಗ ಕೌಂಟರ್ ಒಮ್ಮೆ ಸುತ್ತಿ ಬಂದರೂ ಉತ್ತರ ಸರಿಯಾಗಿಯೇ ಬರುತ್ತದೆ. 64 ಬಿಟ್ ಮಾಸ್ಕ್ ಹಾಕಿದ ಮೇಲೆ ಬೆಲೆ ಹಿಂದಕ್ಕೆ ಸರಿದರೆ ವ್ಯತ್ಯಾಸ ಊಹೆಗೂ ಮೀರಿದ ದೊಡ್ಡ ಧನಸಂಖ್ಯೆಯಾಗಿ ಕಾಣುತ್ತದೆ. ಹಿಂದೆ ಸರಿದದ್ದನ್ನು ಗುರುತಿಸಿ ಸೊನ್ನೆ ಎಂದೆಣಿಸುವ ರಕ್ಷಣೆ ಕರ್ನಲ್‌ನಲ್ಲಿ ಇದೆ, ಆದರೆ ಅದು ಬಹುಕಾಲ ಪಿಸಿಗಳ ಎಕ್ಸ್86 ಪ್ರೊಸೆಸರ್‌ಗಳಿಗಾಗಿ ಆರಿಸಿಟ್ಟ ಆಯ್ಕೆಯಾಗಿತ್ತು. ನಿಮ್ಮ ಬೋರ್ಡ್‌ನಲ್ಲಿ ಅದು ಕಾಪಾಡುತ್ತದೆಂದು ನಂಬಿ ಕೂರುವಂತಿಲ್ಲ.

ಎರಡು ಓದುಗಳ ನಡುವಿನ ಅವಧಿ ಒಂದು ಮೈಕ್ರೋಸೆಕೆಂಡಿಗಿಂತಲೂ ಕಡಿಮೆ. 179 ಸೆಕೆಂಡಿಗೊಮ್ಮೆ ಮಾತ್ರ ತೆರೆದು ಮುಚ್ಚುವ ಆ ಸಂದಿಯಲ್ಲಿ ನಿಮ್ಮ ಟೆಸ್ಟ್ ಕಾಲಿಡದೇ ಇದ್ದರೆ ಅಚ್ಚರಿಯಿಲ್ಲ. ಸಾವಿರಾರು ಬೋರ್ಡ್‌ಗಳು ಕಾರ್ಖಾನೆಗಳಲ್ಲಿ ಹಗಲಿರುಳು ಓಡತೊಡಗಿದ ಮೇಲೆ ಯಾವುದೋ ಒಂದು ಬೋರ್ಡ್ ಖಂಡಿತ ಕಾಲಿಡುತ್ತದೆ.

ಕಾವೇರಿತೀರ

ಪರಿಹಾರ ಎಲ್ಲರಿಗೂ ತಿಳಿದದ್ದೇ ಅಲ್ಲವೇ? ಮೇಲಿನದನ್ನು ಓದಿ, ಕೆಳಗಿನದನ್ನು ಓದಿ, ಮತ್ತೆ ಮೇಲಿನದನ್ನು ಓದಬೇಕು. ಮೊದಲು ಓದಿದ್ದಕ್ಕೂ ಈಗ ಓದಿದ್ದಕ್ಕೂ ವ್ಯತ್ಯಾಸವಿದ್ದರೆ ಪುನಃ ಆರಂಭಿಸಬೇಕು. ಯಾವ ಹಾರ್ಡ್‌ವೇರ್‌ಗೂ ಇದು ಸಾಕು.

ಮ್ಯೂನಿಕ್_ಕನ್ನಡಿಗ

ಯಾವ ಹಾರ್ಡ್‌ವೇರ್‌ಗೂ ಸಾಕು ಎಂಬುದಕ್ಕೆ ಒಂದು ತಿದ್ದುಪಡಿ. ಕೆಲವು ಚಿಪ್‌ಗಳಲ್ಲಿ ಕೆಳಗಿನ ರಿಜಿಸ್ಟರನ್ನು ಓದಿದ ಕ್ಷಣದಲ್ಲೇ ಮೇಲಿನದರ ಬೆಲೆಯನ್ನು ಹಾರ್ಡ್‌ವೇರ್ ಹಿಡಿದಿಡುತ್ತದೆ. ಅಂಥ ಕಡೆ ಮೊದಲು ಕೆಳಗಿನದನ್ನು, ನಂತರ ಮೇಲಿನದನ್ನು ಓದಬೇಕು. ಅಲ್ಲಿ ನೀವು ಹೇಳಿದ ಕ್ರಮದಲ್ಲಿ ಓದಿದರೆ ಮೊದಲ ಓದಿಗೆ ಹಿಂದೆಂದೋ ಹಿಡಿದಿಟ್ಟ ಹಳೆಯ ಬೆಲೆ ಸಿಗುತ್ತದೆ. ಚಿಪ್‌ನ ಮ್ಯಾನ್ಯುವಲ್ ತೆರೆದಿಟ್ಟುಕೊಳ್ಳದೆ ಈ ಪ್ಯಾಚನ್ನು ಯಾರೂ ರಿವ್ಯೂ ಮಾಡಬಾರದು.

ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: 64 ಬಿಟ್ ಏಕೆ ಬೇಕಾಯಿತು? ಕೌಂಟರ್ ಸುತ್ತಿ ಬರುವುದರೊಳಗೆ ಒಮ್ಮೆಯಾದರೂ ಎಚ್ಚರಗೊಳ್ಳಬೇಕೆಂಬುದನ್ನು ಕರ್ನಲ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಸಿಪಿಯು ಎಷ್ಟು ಹೊತ್ತು ಟಿಕ್ (ನಿಯತವಾಗಿ ಬರುವ ಟೈಮರ್ ಇಂಟರಪ್ಟ್) ಇಲ್ಲದೆ ಸುಮ್ಮನಿರಬಹುದು ಎಂಬ ಮಿತಿಯನ್ನು ಕ್ಲಾಕ್‌ಸೋರ್ಸ್‌ನ ಮಾಸ್ಕ್ ಮತ್ತು ಗುಣಕದಿಂದಲೇ ತೆಗೆದು, ಅದರಲ್ಲೂ ಅರ್ಧವನ್ನು ಸುರಕ್ಷತೆಗೆಂದು ಬಿಟ್ಟುಕೊಡುತ್ತದೆ. ಪಿಸಿಗಳಲ್ಲಿರುವ ಎಸಿಪಿಐ ಪಿಎಂ ಟೈಮರ್ ಎಂಬ ಕೌಂಟರ್ ಬರೀ 24 ಬಿಟ್‌ನದು, ಸುಮಾರು 3.58 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಐದು ಸೆಕೆಂಡ್ ತುಂಬುವ ಮೊದಲೇ ಸುತ್ತಿ ಬರುತ್ತದೆ. ಅದನ್ನೇ ನೆಚ್ಚಿಕೊಂಡು ಎಷ್ಟೋ ಪಿಸಿಗಳು ವರ್ಷಗಟ್ಟಲೆ ಸರಿಯಾದ ಸಮಯ ತೋರಿಸಿವೆ. ನಿಮ್ಮದು 179 ಸೆಕೆಂಡ್ ಬಾಳುವ ಕೌಂಟರ್. ಹಳೆಯ ಕೋಡ್ ಒಂದೇ ರಿಜಿಸ್ಟರ್ ಓದುತ್ತಿತ್ತು, ವೇಗವಾಗಿತ್ತು, ಸರಿಯಾಗಿಯೂ ಇತ್ತು.

ಕಣ್ಣಿಗೆ ಬೀಳದ ಇನ್ನೊಂದು ಬದಲಾವಣೆಯೂ ಈ ಪ್ಯಾಚ್‌ನಲ್ಲಿ ಅಡಗಿದೆ. ಕೌಂಟರ್‌ನ ಸೈಕಲ್‌ಗಳನ್ನು ನ್ಯಾನೋಸೆಕೆಂಡ್‌ಗೆ ಬದಲಿಸಲು ಕರ್ನಲ್ ಭಾಗಾಕಾರ ಮಾಡುವುದಿಲ್ಲ. ಸೈಕಲ್‌ಗಳನ್ನು ಮಲ್ಟ್ ಎಂಬ ಸಂಖ್ಯೆಯಿಂದ ಗುಣಿಸಿ, ಶಿಫ್ಟ್ ಎಂಬಷ್ಟು ಬಿಟ್ ಬಲಕ್ಕೆ ಸರಿಸುತ್ತದೆ. ಈ ಜೋಡಿಯನ್ನು ಆರಿಸುವಾಗ ಗುಣಾಕಾರ 64 ಬಿಟ್ ಮೀರಿ ಉಕ್ಕಿ ಹರಿಯದೆ ಎಷ್ಟು ಸೆಕೆಂಡ್ ತಡೆಯಬೇಕೆಂಬುದನ್ನು ಮಾಸ್ಕ್‌ನಿಂದಲೇ ತೀರ್ಮಾನಿಸಲಾಗುತ್ತದೆ. 32 ಬಿಟ್‌ಗೆ ಆ ಅವಧಿ 178 ಸೆಕೆಂಡ್ ಆಗುತ್ತದೆ. 64 ಬಿಟ್‌ಗೆ ಲೆಕ್ಕ ವಿಪರೀತ ದೊಡ್ಡದಾಗುವುದರಿಂದ 600 ಸೆಕೆಂಡಿಗೆ ಮಿತಿ ಹಾಕುತ್ತಾರೆ. ನಾನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ: 24 ಮೆಗಾಹರ್ಟ್ಸ್‌ಗೆ ಶಿಫ್ಟ್ 26ರಿಂದ 24ಕ್ಕೆ ಇಳಿಯುತ್ತದೆ. ಕಳೆದುಕೊಂಡ ನಿಖರತೆ ತೀರಾ ಅಲ್ಪ, ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ಎನ್‌ಟಿಪಿ ಅದನ್ನು ಸರಿದೂಗಿಸುತ್ತದೆ. ಆದರೂ ಮಾಸ್ಕ್ ಮುಟ್ಟಿದ ಪ್ಯಾಚ್ ಗಡಿಯಾರದ ಗುಣಕವನ್ನೂ ಬದಲಿಸಿತು ಎಂಬುದು ಕಮಿಟ್ ಸಂದೇಶದಲ್ಲಿ (ಪ್ಯಾಚ್‌ನ ವಿವರಣೆಯಲ್ಲಿ) ಇರಬೇಕು. ಇಲ್ಲದಿದ್ದರೆ ಬರೆದವರಿಗೇ ಅದು ಗೊತ್ತಿರಲಿಲ್ಲ ಎಂದಾಗುತ್ತದೆ.

ಹುಬ್ಬಳ್ಳಿ_ಎಂಬೆಡೆಡ್

ಕಮಿಟ್ ಸಂದೇಶದಲ್ಲಿ ಇರುವುದು ಒಂದೇ ಸಾಲು, “ಪೂರ್ಣ 64 ಬಿಟ್ ಕೌಂಟರ್ ಬಳಸಿ” ಎಂದು. ಕಾರಣ ಬರೆದಿಲ್ಲ. ಮ್ಯಾನ್ಯುವಲ್ ಈಗಲೇ ನೋಡಿದೆ, ನಮ್ಮ ಚಿಪ್‌ನಲ್ಲಿ ಹಿಡಿದಿಡುವ ವ್ಯವಸ್ಥೆ ಇಲ್ಲ.

ಶೂನ್ಯಬಿಟ್

ಎರಡು ರಿಜಿಸ್ಟರ್‌ಗಳ ವಿಷಯದಲ್ಲಿ ಸಹ್ಯಾದ್ರಿಯವರ ಮಾತು ಸರಿ, ಅದನ್ನು ಒಪ್ಪುತ್ತೇನೆ. ಆದರೆ ಟೆಸ್ಟ್‌ಗೆ ಬೆಲೆಯೇ ಇಲ್ಲ ಎಂಬಂತೆ ಮಾತು ಸಾಗುತ್ತಿದೆ, ಅದು ಸರಿಯಲ್ಲ. ಓದಿ ಕಂಡುಹಿಡಿಯುವವರು ಎಷ್ಟು ಜನ ಇದ್ದಾರೆ? ಒಳ್ಳೆಯ ಟೆಸ್ಟ್ ಒಮ್ಮೆ ಬರೆದಿಟ್ಟರೆ ಮುಂದೆ ಬರುವ ಪ್ಯಾಚ್‌ಗಳನ್ನೂ ಅದು ಕಾಯುತ್ತದೆ.

ಮೂರನೇ_ಮುಳ್ಳು

ಇಬ್ಬರ ಮಾತಿನಲ್ಲೂ ಹುರುಳಿದೆ. ಇಂತಹ ತಪ್ಪನ್ನು ಹೊರಗೆಳೆಯಲು ಕಾಯುತ್ತಾ ಕೂರಬೇಕಾಗಿಲ್ಲ. ಎರಡು ರಿಜಿಸ್ಟರ್ ಓದುಗಳ ನಡುವೆ ಟೆಸ್ಟ್‌ಗೆಂದು ಮಾತ್ರ ಒಂದಷ್ಟು ಮೈಕ್ರೋಸೆಕೆಂಡ್‌ಗಳ ವಿಳಂಬ ಸೇರಿಸಿ, ಬೇರೆ ಬೇರೆ ಸಿಪಿಯುಗಳ ಮೇಲೆ ಬಿಡುವಿಲ್ಲದೆ ಸಮಯ ಓದುವ ಪ್ರೋಗ್ರಾಂ ಓಡಿಸಿ. ಸಂದಿ ಅಗಲವಾದ್ದರಿಂದ ಮೊದಲ ಕೆಲವು ಸುತ್ತುಗಳಲ್ಲೇ ತಪ್ಪು ಸಿಕ್ಕಿಬೀಳುತ್ತದೆ. ಕರ್ನಲ್‌ನ ಜೊತೆಗೇ ಬರುವ ಟೈಮರ್ಸ್ ಸೆಲ್ಫ್‌ಟೆಸ್ಟ್‌ಗಳಲ್ಲಿ ಇನ್‌ಕನ್ಸಿಸ್ಟೆನ್ಸಿ-ಚೆಕ್ ಎಂಬುದು ಇದೆ. ಸಮಯ ಎಲ್ಲಾದರೂ ಹಿಂದೆ ಸರಿಯಿತೇ ಎಂದು ನೋಡುವುದೇ ಅದರ ಕೆಲಸ. ಲೀಪ್-ಎ-ಡೇ, ಸೆಟ್-2038, ಕ್ಲಾಕ್‌ಸೋರ್ಸ್-ಸ್ವಿಚ್ ಇವೆಲ್ಲವೂ ಅಲ್ಲೇ ಇವೆ. ಇವುಗಳಲ್ಲಿ ಕೆಲವು ಯಂತ್ರದ ಗಡಿಯಾರವನ್ನೇ ಬದಲಿಸುತ್ತವೆ, ಆದ್ದರಿಂದ ಟೆಸ್ಟ್‌ಗೆಂದೇ ಇಟ್ಟ ಬೋರ್ಡ್‌ನಲ್ಲಿ ಮಾತ್ರ ಓಡಿಸಿ.

ಸುತ್ತಿ ಬರುವ ತಪ್ಪುಗಳನ್ನು ಬೇಗ ಬಯಲಿಗೆಳೆಯಬೇಕೆಂದೇ ಕರ್ನಲ್ ಒಳಗೆ ಒಂದು ಒಳ್ಳೆಯ ಏರ್ಪಾಡು ಇದೆ. ಟಿಕ್‌ಗಳನ್ನು ಎಣಿಸುವ ಜಿಫೀಸ್ ಕೌಂಟರ್ ಸೊನ್ನೆಯಿಂದ ಆರಂಭವಾಗುವುದಿಲ್ಲ. ಬೂಟ್ ಆದ ಐದೇ ನಿಮಿಷಕ್ಕೆ ಅದರ ಕೆಳಗಿನ 32 ಬಿಟ್ ಸುತ್ತಿ ಬರುವಂತೆ ಆರಂಭದ ಬೆಲೆ ಇಟ್ಟಿದ್ದಾರೆ. ಹಾಗೆ ಮಾಡದಿದ್ದರೆ ಸೆಕೆಂಡಿಗೆ ಸಾವಿರ ಟಿಕ್ ಇರುವ 32 ಬಿಟ್ ಯಂತ್ರದಲ್ಲಿ 49.7 ದಿನ, ನೂರು ಟಿಕ್ ಇರುವಲ್ಲಿ 497 ದಿನ ಕಾಯಬೇಕಿತ್ತು. ಎರಡು ಜಿಫೀಸ್ ಬೆಲೆಗಳನ್ನು ದೊಡ್ಡದು-ಚಿಕ್ಕದು ಎಂದು ನೇರವಾಗಿ ಹೋಲಿಸಿದ ಕೋಡ್ ಎಲ್ಲೇ ಕಂಡರೂ ಟೈಮ್_ಆಫ್ಟರ್ ಮ್ಯಾಕ್ರೋ ಬಳಸಲು ಹೇಳಿ ಹಿಂದಕ್ಕೆ ಕಳುಹಿಸಿ.

ಮ್ಯೂನಿಕ್_ಕನ್ನಡಿಗ

ಟೆಸ್ಟ್‌ನ ಮಿತಿಗೆ ನಾನು ಎಲ್ಲರಿಗೂ ಹೇಳುವ ಉದಾಹರಣೆ 208.5 ದಿನಗಳದು. ಎಕ್ಸ್86ನಲ್ಲಿ ಶೆಡ್ಯೂಲರ್ ಬಳಸುವ ಗಡಿಯಾರವು ಸೈಕಲ್ ಎಣಿಕೆಯನ್ನು ಗುಣಕದಿಂದ ಗುಣಿಸಿ 10 ಬಿಟ್ ಬಲಕ್ಕೆ ಸರಿಸುತ್ತಿತ್ತು. ಗುಣಲಬ್ಧ 64 ಬಿಟ್ ಮೀರಿದಾಗ ಅಂತಿಮ ಉತ್ತರಕ್ಕೆ ಉಳಿಯುವುದು 54 ಬಿಟ್ ಮಾತ್ರ. 2ರ 54ನೇ ಘಾತದಷ್ಟು ನ್ಯಾನೋಸೆಕೆಂಡ್ ಎಂದರೆ 208.5 ದಿನ. ಅಷ್ಟು ದಿನ ಬಿಡುವಿಲ್ಲದೆ ಓಡಿದ ಸರ್ವರ್‌ಗಳಲ್ಲಿ ಆ ಗಡಿಯಾರ ಕೆಡುತ್ತಿತ್ತು. ಮೇನ್‌ಲೈನ್ (ಮುಖ್ಯ) ಕರ್ನಲ್‌ನಲ್ಲಿ ಅದನ್ನು ಸರಿಪಡಿಸಿದ್ದು 2011ರಲ್ಲಿ. ಯಾವ ತಂಡ ಒಂದು ಪ್ಯಾಚನ್ನು ಏಳು ತಿಂಗಳು ಟೆಸ್ಟ್ ಮಾಡುತ್ತದೆ? ಆ ಸಾಲಿನ ಪಕ್ಕದಲ್ಲಿ ಕೂತು, ಈ ಗುಣಾಕಾರ ಯಾವಾಗ ಉಕ್ಕುತ್ತದೆಂದು ಒಬ್ಬರು ಕಾಗದದ ಮೇಲೆ ಬರೆದು ನೋಡಿದ್ದರೆ ಐದು ನಿಮಿಷದಲ್ಲಿ ಸಿಗುತ್ತಿತ್ತು.

ಸಮಯದ ಕೋಡ್‌ನಲ್ಲಿ ಗುಣಾಕಾರ ಕಂಡಲ್ಲೆಲ್ಲ ಅದು ಎಷ್ಟು ಹೊತ್ತಿನ ಬಳಿಕ ಉಕ್ಕುತ್ತದೆಂದು ನಾನು ಬರೆದೇ ಬರೆಯುತ್ತೇನೆ. ಉತ್ತರ 500 ವರ್ಷ ಬಂದರೆ ಸರಿ, ಏಳು ತಿಂಗಳು ಬಂದರೆ ಆ ಪ್ಯಾಚ್ ಹಿಂದಕ್ಕೆ.

ಹಳೆಯ_ಸರ್ವರ್

ನಾನು ಕರ್ನಲ್ ಬರೆಯುವವನಲ್ಲ, ಆದರೆ ಇಂತಹ ತಪ್ಪು ಎಲ್ಲಿಗೆ ಬಂದು ಬಡಿಯುತ್ತದೆಂದು ಹೇಳಬಲ್ಲೆ. 2012ರ ಜುಲೈ 1, ಭಾನುವಾರ ಬೆಳಗಿನ ಐದೂವರೆ. ಬೆಂಗಳೂರಿನ ಒಂದು ಕಂಪನಿಯ ಸರ್ವರ್‌ಗಳನ್ನು ಆಗ ನಾನು ನೋಡಿಕೊಳ್ಳುತ್ತಿದ್ದೆ. ಜಾವಾ ಓಡುತ್ತಿದ್ದ ಯಂತ್ರಗಳೆಲ್ಲ ಒಟ್ಟೊಟ್ಟಿಗೆ ಸಿಪಿಯುವನ್ನು ನೂರು ಪ್ರತಿಶತಕ್ಕೆ ಏರಿಸಿಕೊಂಡು ಕೂತವು. ಸರ್ವಿಸ್ ನಿಲ್ಲಿಸಿ ಮತ್ತೆ ಆರಂಭಿಸಿದರೂ ಹಾಗೆಯೇ ಇತ್ತು. ಕೊನೆಗೆ ಡೇಟ್ ಆಜ್ಞೆಯಿಂದ ಆಗಿನ ಸಮಯವನ್ನೇ ಮತ್ತೊಮ್ಮೆ ಯಂತ್ರಕ್ಕೆ ಕೊಟ್ಟಾಗ ಎಲ್ಲವೂ ತಟ್ಟನೆ ಶಾಂತವಾದವು. ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಗಡಿಯಾರ ಹೊಂದಿಸಲು ಆಗೊಮ್ಮೆ ಈಗೊಮ್ಮೆ ಸೇರಿಸುವ ಒಂದು ಸೆಕೆಂಡ್) ಸೇರಿಸಿದ್ದರಿಂದ ಕರ್ನಲ್ ಕ್ರ್ಯಾಶ್ ಆಯಿತೆಂದು ಆಮೇಲೆ ಎಲ್ಲರೂ ಹೇಳಿದರು.

ಸಹ್ಯಾದ್ರಿ

ಹಳೆಯ ಸರ್ವರ್ ಅವರೇ, ನೀವು ಕಂಡದ್ದು ಕ್ರ್ಯಾಶ್ ಅಲ್ಲ. ಜೂನ್ 30ರ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಮಧ್ಯರಾತ್ರಿ, ಅಂದರೆ ನಮ್ಮ ಬೆಳಗಿನ 5:30ಕ್ಕೆ, ಕರ್ನಲ್ ಗೋಡೆ ಗಡಿಯಾರವನ್ನು ಒಂದು ಸೆಕೆಂಡ್ ಹಿಂದಕ್ಕೆ ಸರಿಸಿತು. ಹಾಗೆ ಸರಿಸಿದಾಗ ಹೈ-ರೆಸಲ್ಯೂಶನ್ ಟೈಮರ್ ವಿಭಾಗಕ್ಕೂ ಗಡಿಯಾರ ಬದಲಾಗಿದೆಯೆಂದು ತಿಳಿಸಬೇಕಿತ್ತು. ಕ್ಲಾಕ್_ವಾಸ್_ಸೆಟ್ ಎಂಬ ಫಂಕ್ಷನ್ ಇರುವುದೇ ಅದಕ್ಕೆ. ಆ ಕರೆ ಆಗಲಿಲ್ಲ. ಟೈಮರ್ ವಿಭಾಗ ತನ್ನ ಬಳಿಯಿದ್ದ ಹಳೆಯ ಅಂತರವನ್ನೇ ನಂಬಿ ಒಂದು ಸೆಕೆಂಡ್ ಮುಂದೆ ಉಳಿಯಿತು. ಗೋಡೆ ಗಡಿಯಾರದ ಲೆಕ್ಕದಲ್ಲಿ ಒಂದು ಸೆಕೆಂಡಿಗಿಂತ ಕಡಿಮೆ ಕಾಯಲು ಕೇಳಿದ ಪ್ರತಿಯೊಂದು ಫ್ಯೂಟೆಕ್ಸ್ (ಥ್ರೆಡ್‌ಗಳು ಕಾಯಲು ಬಳಸುವ) ಕರೆಯೂ ಕಾಯದೆ ಕೂಡಲೇ ಹಿಂದಿರುಗಿತು. ಸಮಯ ಮುಗಿಯಿತೆಂದು ತಿಳಿದ ಜಾವಾ ಮತ್ತೆ ಕೇಳಿತು, ಮತ್ತೆ ಕೂಡಲೇ ಉತ್ತರ ಬಂತು, ಸಿಪಿಯು ಅದರಲ್ಲೇ ಸುತ್ತತೊಡಗಿತು. ನೀವು ಸಮಯ ಹೊಂದಿಸಿದಾಗ ಆ ಕರೆ ಆಯಿತು, ಅಂತರ ಸರಿಹೋಯಿತು.

ಅದಕ್ಕೂ ಹಿಂದಿನ, 2008ರ ಡಿಸೆಂಬರ್ 31ರ ಲೀಪ್ ಸೆಕೆಂಡ್‌ನಲ್ಲಿ ಕೆಲವು ಯಂತ್ರಗಳು ನಿಜವಾಗಿಯೂ ನಿಂತುಹೋಗಿದ್ದವು, ಅದರ ಕಾರಣ ಬೇರೆ. ಸಮಯದ ಲಾಕ್ ಹಿಡಿದುಕೊಂಡೇ ಲೀಪ್ ಸೆಕೆಂಡ್ ಸೇರಿತೆಂಬ ಸಂದೇಶವನ್ನು ಪ್ರಿಂಟ್‌ಕೆ (ಕರ್ನಲ್‌ನ ಲಾಗ್ ಬರೆಯುವ ಫಂಕ್ಷನ್) ಮೂಲಕ ಬರೆಯಲಾಗುತ್ತಿತ್ತು. ಪ್ರಿಂಟ್‌ಕೆ ಮುಂದೆ ಹೋಗಿ ಸಮಯ ಕೇಳಿದರೆ ಅದೇ ಲಾಕ್‌ಗಾಗಿ ಕಾದು ಡೆಡ್‌ಲಾಕ್ ಆಗುತ್ತಿತ್ತು. ಟೈಮ್‌ಕೀಪಿಂಗ್ ಲಾಕ್ ಹಿಡಿದ ಜಾಗದಲ್ಲಿ ಯಾರಾದರೂ ಒಂದು ಡೀಬಗ್ ಸಂದೇಶ ಸೇರಿಸಿದರೂ ನಾನು ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಓದುವುದು ಇದೇ ಕಾರಣಕ್ಕೆ.

ಈ ಎರಡೂ ತಪ್ಪುಗಳು ಬದಲಾದ ಸಾಲಿನೊಳಗೆ ಕಾಣುವಂಥವಲ್ಲ. ಮೊದಲನೆಯದರಲ್ಲಿ ಇರಬೇಕಾದ ಸಾಲು ಇರಲಿಲ್ಲ. ಎರಡನೆಯದರಲ್ಲಿ ಸಾಲು ಸರಿಯಿತ್ತು, ಅದು ಕೂತ ಜಾಗ ಸರಿಯಿರಲಿಲ್ಲ. ಸಮಯದ ಪ್ಯಾಚ್ ರಿವ್ಯೂ ಮಾಡುವವರು ಡಿಫ್ (ಬದಲಾದ ಸಾಲುಗಳ ಪಟ್ಟಿ) ಮುಚ್ಚಿಟ್ಟು ಇಡೀ ಫೈಲ್ ತೆರೆಯಬೇಕೆಂದು ನಾನು ಪಟ್ಟು ಹಿಡಿಯುವುದು ಅದಕ್ಕೇ.

ಹಳೆಯ_ಸರ್ವರ್

ಇಷ್ಟು ವರ್ಷಗಳ ಬಳಿಕ ಕಾರಣ ಸರಿಯಾಗಿ ತಿಳಿಯಿತು, ಧನ್ಯವಾದಗಳು. ಮುಂದಿನ ಲೀಪ್ ಸೆಕೆಂಡ್ ಯಾವಾಗ?

ಮೂರನೇ_ಮುಳ್ಳು

ಕೊನೆಯದು 2016ರ ಡಿಸೆಂಬರ್ 31ರಂದು ಬಂದಿತ್ತು. 1972ರಿಂದ ಅಲ್ಲಿಯವರೆಗೆ ಒಟ್ಟು 27. 2035ರೊಳಗೆ ಈ ಪದ್ಧತಿಯನ್ನು ಬದಲಿಸಲು ತೂಕ ಮತ್ತು ಅಳತೆಗಳ ಸಾರ್ವತ್ರಿಕ ಸಮ್ಮೇಳನ 2022ರ ನವೆಂಬರ್‌ನಲ್ಲಿ ತೀರ್ಮಾನಿಸಿದೆ. ಹೊಸ ಲೀಪ್ ಸೆಕೆಂಡ್ ಬರುವವರೆಗೆ ಕರ್ನಲ್‌ನ ಆ ಕೋಡ್ ಓಡದೇ ಬಿದ್ದಿರುತ್ತದೆ. ಓಡದ ಕೋಡ್ ಮುಟ್ಟುವ ಪ್ಯಾಚ್‌ಗಳಿಗೆ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಬಳಕೆದಾರರು ಬಂದು ದೂರು ಹೇಳುವ ಸಂದರ್ಭವೇ ಬರುವುದಿಲ್ಲ.

ಕಾವೇರಿತೀರ

ಮೊದಲನೆಯ ಪ್ಯಾಚ್ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಸರಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಗೋಡೆ ಗಡಿಯಾರವನ್ನು ಯಾರು ಬೇಕಾದರೂ ಹಿಂದೆ ಮುಂದೆ ತಿರುಗಿಸಬಹುದು. ಮೊನೊಟಾನಿಕ್ ಗಡಿಯಾರವನ್ನು ಎನ್‌ಟಿಪಿ ಮುಟ್ಟುವುದೇ ಇಲ್ಲ. ಅವಧಿ ಅಳೆಯಲು ಅದೇ ಸರಿ.

ಸಹ್ಯಾದ್ರಿ

ಎನ್‌ಟಿಪಿ ಮುಟ್ಟುವುದಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಮೊನೊಟಾನಿಕ್ ಗಡಿಯಾರ ಜಿಗಿಯುವುದಿಲ್ಲ, ಹಿಂದೆ ಹೋಗುವುದಿಲ್ಲ, ಆದರೆ ಅದರ ವೇಗವನ್ನು ಎನ್‌ಟಿಪಿ ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ. ವೇಗವನ್ನೂ ಮುಟ್ಟದೆ ಹಾರ್ಡ್‌ವೇರ್ ಕೊಟ್ಟದ್ದನ್ನು ಹಾಗೆಯೇ ಕೊಡುವುದು ಮೊನೊಟಾನಿಕ್ ರಾ. ಸೆನ್ಸರ್‌ನ ಅವಧಿಗೆ ಮೊನೊಟಾನಿಕ್ ಸಾಕು ಎಂಬುದರಲ್ಲಿ ನಿಮ್ಮೊಂದಿಗೆ ನನ್ನ ಸಹಮತವಿದೆ.

ಆದರೆ ಆ ಪ್ಯಾಚ್ ಬೇರೊಂದು ನಡವಳಿಕೆಯನ್ನು ಸದ್ದಿಲ್ಲದೆ ಬದಲಿಸುತ್ತದೆ. ಬೋರ್ಡ್ ಸಸ್ಪೆಂಡ್ ಆಗಿ ಅರ್ಧ ಗಂಟೆಯ ಬಳಿಕ ಎದ್ದರೆ ಗೋಡೆ ಗಡಿಯಾರದಲ್ಲಿ ಆ ಅರ್ಧ ಗಂಟೆ ಸೇರಿರುತ್ತದೆ, ಮೊನೊಟಾನಿಕ್‌ನಲ್ಲಿ ಸೇರಿರುವುದಿಲ್ಲ. ನಿದ್ದೆಯ ಸಮಯವನ್ನೂ ಸೇರಿಸಿ ಎಣಿಸುವುದು ಬೂಟ್‌ಟೈಮ್ ಗಡಿಯಾರ. ಹಳೆಯ ಕೋಡ್ ಸಸ್ಪೆಂಡ್ ಆದ ಸಮಯವನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು, ಹೊಸದು ಬಿಡುತ್ತದೆ. ಯಾವುದು ಬೇಕಾದದ್ದು? ಡ್ರೈವರ್‌ನ ಉದ್ದೇಶ ತಿಳಿದವರು ಮಾತ್ರ ಹೇಳಬಲ್ಲರು.

ಮ್ಯೂನಿಕ್_ಕನ್ನಡಿಗ

ಈ ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊನೊಟಾನಿಕ್ ಮತ್ತು ಬೂಟ್‌ಟೈಮ್ ಎರಡನ್ನೂ ಒಂದೇ ಮಾಡುವ ಬದಲಾವಣೆ 4.17ನೇ ಆವೃತ್ತಿಯ ಬೆಳವಣಿಗೆಯ ಹೊತ್ತಿನಲ್ಲಿ ಕರ್ನಲ್‌ಗೆ ಸೇರಿತ್ತು. ಯೋಚನೆ ಚೆನ್ನಾಗಿತ್ತು, ಮಾಡಿದವರು ಈ ವಿಷಯದಲ್ಲಿ ನುರಿತವರು. ಆದರೆ ನಿದ್ದೆಯಿಂದ ಎದ್ದ ಲ್ಯಾಪ್‌ಟಾಪ್‌ಗಳಲ್ಲಿ, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯ ವಾಚ್‌ಡಾಗ್‌ನಂಥವು ಅವಧಿ ಮೀರಿತೆಂದು ತಿಳಿದು ಸರ್ವಿಸ್‌ಗಳನ್ನು ಕೊಲ್ಲತೊಡಗಿದವು. 2018ರ ಏಪ್ರಿಲ್‌ನಲ್ಲಿ, ಬಿಡುಗಡೆಗೆ ಮೊದಲೇ, ಅದನ್ನು ಪೂರ್ತಿ ಹಿಂತೆಗೆದುಕೊಂಡರು. ಗಡಿಯಾರದ ವರ್ತನೆಯ ಮೇಲೆ ಯಾರು ಯಾರು ಆತುಕೊಂಡಿದ್ದಾರೆಂಬುದು ಕರ್ನಲ್‌ನ ಕೋಡ್ ಓದಿದ ಮಾತ್ರಕ್ಕೆ ತಿಳಿಯುವುದಿಲ್ಲ.

ಶೂನ್ಯಬಿಟ್

ನೋಡಿ, ಇಲ್ಲಿ ತಪ್ಪನ್ನು ಹಿಡಿದದ್ದು ಓದಲ್ಲ, ಜನ ಓಡಿಸಿ ನೋಡಿದ್ದು. ನಾನು ಹೇಳುತ್ತಿರುವುದೂ ಇದನ್ನೇ.

ಮ್ಯೂನಿಕ್_ಕನ್ನಡಿಗ

ಆ ಪ್ರಕರಣದ ಮಟ್ಟಿಗೆ ನಿಮ್ಮ ಮಾತೇ ಸರಿ. 208.5 ದಿನದ ಪ್ರಕರಣದ ಮಟ್ಟಿಗೆ ನನ್ನದು.

ಮೂರನೇ_ಮುಳ್ಳು

ಅವಧಿಯನ್ನು ಮಿಲಿಸೆಕೆಂಡ್‌ಗೆ ಹೇಗೆ ಬದಲಿಸಿದ್ದಾರೆಂದೂ ನೋಡಿ. ಕೆಟೈಮ್_ಟಿ ಎಂಬುದು 64 ಬಿಟ್‌ನ ಚಿಹ್ನೆಸಹಿತ (ಋಣವೂ ಆಗಬಲ್ಲ) ಸಂಖ್ಯೆ. ಅದನ್ನು ನೇರವಾಗಿ ಭಾಗಿಸಿದರೆ 32 ಬಿಟ್ ಆರ್ಮ್‌ನಲ್ಲಿ ಲಿಂಕ್ ಹಂತದಲ್ಲೇ ಬಿಲ್ಡ್ ಒಡೆಯುತ್ತದೆ, ಅದು ಬೇಗ ಗೊತ್ತಾಗುತ್ತದೆ. ಭಾಗಾಕಾರದ ಮ್ಯಾಕ್ರೋ ಡು_ಡಿವ್ ಬಳಸಿದ್ದರೆ ಅಪಾಯ ಹೆಚ್ಚು, ಏಕೆಂದರೆ ಅದು ಋಣಸಂಖ್ಯೆಗೆ ಹೇಳಿಮಾಡಿಸಿದ್ದಲ್ಲ. ಹಳೆಯ ಕೋಡ್‌ನಲ್ಲಿ ಗೋಡೆ ಗಡಿಯಾರ ಹಿಂದೆ ಸರಿದಾಗ ಅವಧಿ ಋಣವಾಗಿ, ಡು_ಡಿವ್ ಅದನ್ನು ಭಾರಿ ಧನಸಂಖ್ಯೆಯೆಂದು ತಿಳಿಯುವ ಸಾಧ್ಯತೆ ಇತ್ತು. ಕೆಟೈಮ್_ಟು_ಎಂಎಸ್ ಬಳಸಿದರೆ ಈ ಗೋಜಿಲ್ಲ. ಸೆಕೆಂಡ್‌ಗಳನ್ನು ಲಾಂಗ್ ಎಂಬ ಟೈಪ್‌ನ ವೇರಿಯಬಲ್‌ನಲ್ಲಿ ಇಟ್ಟಿದ್ದಾರೆಯೇ ಎಂದೂ ಹುಡುಕಿ. 32 ಬಿಟ್ ಬೋರ್ಡ್‌ನಲ್ಲಿ ಗೋಡೆ ಗಡಿಯಾರದ ಸೆಕೆಂಡ್‌ಗಳಿಗೆ ಅದು 2038ರ ಜನವರಿ 19ರವರೆಗೆ ಮಾತ್ರ ಸಾಲುತ್ತದೆ. 2038ನ್ನು ದಾಟಲು ಬೇಕಾದ ಬದಲಾವಣೆಗಳು 5.6ರ ಹೊತ್ತಿಗೆ ಕರ್ನಲ್‌ನಲ್ಲಿ ಪೂರ್ತಿಯಾದವು. ಅಂಥದ್ದೊಂದು ದೊಡ್ಡ ಕೆಲಸವನ್ನು ಒಂದು ಡ್ರೈವರ್‌ನ ಒಂದು ವೇರಿಯಬಲ್ ಹಾಳುಮಾಡಬಾರದು. ಕೈಗಾರಿಕಾ ಬೋರ್ಡ್‌ಗಳು ಇಪ್ಪತ್ತು ವರ್ಷ ಗೋಡೆಯ ಮೇಲೇ ಇರುತ್ತವೆ.

ಕಾವೇರಿತೀರ

ಮೂರನೆಯದಕ್ಕೆ ನನ್ನ ಸಲಹೆ: ಒರಟು ಗಡಿಯಾರದ ಬದಲು ಕೆಟೈಮ್_ಗೆಟ್_ಮೋನೋ_ಫಾಸ್ಟ್_ಎನ್‌ಎಸ್ ಬಳಸಿ. ಹೆಸರಿನಲ್ಲೇ ಇರುವಂತೆ ಅದು ವೇಗವಾಗಿದೆ, ನಿಖರವೂ ಆಗಿದೆ.

ಸಹ್ಯಾದ್ರಿ

ದಯವಿಟ್ಟು ಆ ಸಲಹೆ ಕೊಡಬೇಡಿ. ಆ ಫಂಕ್ಷನ್ ಇರುವುದು ಎನ್‌ಎಂಐ (ತಡೆಹಿಡಿಯಲಾಗದ ಇಂಟರಪ್ಟ್) ಒಳಗಿನಿಂದ ಸಮಯ ಓದಬೇಕಾದವರಿಗೆ, ಮುಖ್ಯವಾಗಿ ಟ್ರೇಸಿಂಗ್‌ಗೆ. ಸಾಮಾನ್ಯ ಕೆಟೈಮ್_ಗೆಟ್ ಒಂದು ಸೀಕ್ವೆನ್ಸ್ ಕೌಂಟರ್ ನೋಡಿ ಓದುತ್ತದೆ. ಓದುವ ನಡುವೆ ಯಾರಾದರೂ ಬರೆದಿದ್ದರೆ ಮತ್ತೆ ಓದುತ್ತದೆ. ಬರೆಯುತ್ತಿದ್ದ ಸಿಪಿಯುವಿನ ಮೇಲೆಯೇ ಎನ್‌ಎಂಐ ಬಂದು ಕೆಟೈಮ್_ಗೆಟ್ ಕರೆದರೆ, ಬರೆಯುವವನು ಮುಗಿಸುವಂತಿಲ್ಲ, ಓದುವವನು ಬಿಡುವಂತಿಲ್ಲ, ಯಂತ್ರ ಅಲ್ಲೇ ನಿಲ್ಲುತ್ತದೆ. ಫಾಸ್ಟ್ ರೂಪ ಎರಡು ಪ್ರತಿ ಇಟ್ಟುಕೊಂಡು ಅದನ್ನು ತಪ್ಪಿಸುತ್ತದೆ. ಆದರೆ ಗಡಿಯಾರ ಹೊಂದಿಕೆಯಾಗುವ ಕ್ಷಣದಲ್ಲಿ ಸಮಯ ತುಸು ಹಿಂದೆ ಕಾಣಬಹುದೆಂದು ಆ ಫಂಕ್ಷನ್‌ನ ಮೇಲಿನ ಕಾಮೆಂಟ್‌ನಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಮಾಮೂಲು ಇಂಟರಪ್ಟ್‌ಗೆ ಅದರ ಅಗತ್ಯವಿಲ್ಲ.

ಒರಟು ಗಡಿಯಾರದ ತೊಂದರೆ ಬೇರೆ. ಅದು ಟಿಕ್ ಆದಾಗ ಮಾತ್ರ ಮುಂದೆ ಸಾಗುತ್ತದೆ. ಸೆಕೆಂಡಿಗೆ ನೂರು ಟಿಕ್ ಇದ್ದರೆ ಹತ್ತು ಮಿಲಿಸೆಕೆಂಡ್‌ಗೊಮ್ಮೆ. ಅದರ ನಡುವೆ ಬಂದ ಇಂಟರಪ್ಟ್‌ಗಳೆಲ್ಲ ಒಂದೇ ಸಮಯದವು ಎಂದು ದಾಖಲಾಗುತ್ತವೆ, ಅಂತರ ಸೊನ್ನೆಯಾಗುತ್ತದೆ. ಆ ಅಂತರದಿಂದ ಯಾರಾದರೂ ಭಾಗಿಸುತ್ತಿದ್ದರೆ ಪರಿಣಾಮ ನೀವೇ ಊಹಿಸಿ. ಇನ್ನೊಂದೆಡೆ, ಕೌಂಟರ್ ಇರುವುದು ನಿಧಾನವಾದ ಬಸ್‌ನ ಆಚೆ ಇದ್ದರೆ ಕೆಟೈಮ್_ಗೆಟ್ ದುಬಾರಿಯಾಗುವುದೂ ನಿಜ. ಹಾಗಾಗಿ ಈ ಪ್ಯಾಚನ್ನು ಒಮ್ಮೆಗೇ ತಳ್ಳಿಹಾಕಬೇಡಿ. ಎಷ್ಟು ಉಳಿಯಿತೆಂದು ಅಳೆದ ಅಂಕಿ ಕೇಳಿ.

ಒರಟು ಗಡಿಯಾರವೆಂದರೆ ಸುಲಭದ್ದು ಎಂಬ ಭಾವನೆಯೂ ಬೇಡ. ಎನ್‌ಟಿಪಿ ವೇಗ ಹೆಚ್ಚಿಸಿದ ಹೊತ್ತಿನಲ್ಲಿ ಅದು ಹಿಂದೆ ಸರಿಯುವ ತಪ್ಪು 2025ರಲ್ಲಿ ಬೆಳಕಿಗೆ ಬಂತು. ಮೊದಲು ಹಾಕಿದ ಪರಿಹಾರವನ್ನು ಹಿಂತೆಗೆದು, ಬೇರೆ ದಾರಿಯಲ್ಲಿ ಮತ್ತೆ ಸರಿಪಡಿಸಬೇಕಾಯಿತು.

ಹಳೆಯ_ಸರ್ವರ್

ಒಂದು ಸಣ್ಣ ಸಂದೇಹ. ನಮ್ಮ ಐದೂವರೆ ಗಂಟೆಯ ವ್ಯತ್ಯಾಸವನ್ನು ಕರ್ನಲ್ ಎಲ್ಲಿ ಸೇರಿಸುತ್ತದೆ?

ಮೂರನೇ_ಮುಳ್ಳು

ಸೇರಿಸುವುದಿಲ್ಲ. ಕರ್ನಲ್ ಎಣಿಸುವುದು ಯುಟಿಸಿಯನ್ನು. ಏಷ್ಯಾ/ಕೋಲ್ಕತಾ ಎಂಬ ವಲಯದ ಲೆಕ್ಕವೆಲ್ಲ ಮೇಲಿನ ಲೈಬ್ರರಿಗಳದ್ದು. ಬೋರ್ಡ್‌ನ ಬ್ಯಾಟರಿ ಗಡಿಯಾರಕ್ಕೆ ಸ್ಥಳೀಯ ಸಮಯ ಬರೆಯುವ ಪ್ಯಾಚ್ ಬಂದರೆ ಮಾತ್ರ ಈ ಪ್ರಶ್ನೆ ಏಳುತ್ತದೆ, ಆಗ ಅಲ್ಲೂ ಯುಟಿಸಿಯನ್ನೇ ಇಡಲು ಹೇಳಬೇಕು.

ಹುಬ್ಬಳ್ಳಿ_ಎಂಬೆಡೆಡ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರನೇ ಮುಳ್ಳು ಅವರು ಹೇಳಿದಂತೆ ಎರಡು ಓದುಗಳ ನಡುವೆ ವಿಳಂಬ ಸೇರಿಸಿ ಬೋರ್ಡ್ ಓಡಿಸಿದೆವು. ಕೌಂಟರ್ ಸುತ್ತಿ ಬಂದ ಕೂಡಲೇ ಇನ್‌ಕನ್ಸಿಸ್ಟೆನ್ಸಿ-ಚೆಕ್ ತಪ್ಪು ತೋರಿಸಿತು. ಅದನ್ನು ಪ್ಯಾಚ್ ಬರೆದವರ ಎದುರಿಗೇ ಓಡಿಸಿದ್ದರಿಂದ ವಾದಕ್ಕೆ ಎಡೆ ಉಳಿಯಲಿಲ್ಲ. 64 ಬಿಟ್ ಏಕೆ ಬೇಕಿತ್ತೆಂದು ಕೇಳಿದಾಗ, ಬೇರೆ ಬೋರ್ಡ್‌ನ ಡ್ರೈವರ್‌ನಲ್ಲಿ ಹಾಗಿತ್ತು ಎಂಬ ಉತ್ತರ ಬಂತು. ಎರಡನೆಯ ಪ್ಯಾಚನ್ನು ಅವರೇ ಕೈಬಿಟ್ಟಿದ್ದಾರೆ. ಮೂರನೆಯದಕ್ಕೆ ಅಳತೆಯ ಅಂಕಿ ಕೇಳಿದ್ದೇನೆ. ಬರುವವರೆಗೆ ಅದು ನಿಂತಿರುತ್ತದೆ.

ಮೊದಲನೆಯದರಲ್ಲಿ ಸಹ್ಯಾದ್ರಿಯವರ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡು ರೀಡಿಂಗ್‌ಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಕಳೆದಿದ್ದರೆ ಸೆನ್ಸರನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕೆಂಬುದು ಆ ಲೆಕ್ಕದ ಉದ್ದೇಶ. ಬೋರ್ಡ್ ರಾತ್ರಿ ಸಸ್ಪೆಂಡ್ ಆಗುತ್ತದೆ, ಆಗ ಸೆನ್ಸರ್ ತಣ್ಣಗಾಗುತ್ತದೆ. ಹಾಗಾದರೆ ಬೂಟ್‌ಟೈಮ್ ಸರಿಯಲ್ಲವೇ?

ಸಹ್ಯಾದ್ರಿ

ಹೌದು, ಕೆಟೈಮ್_ಗೆಟ್_ಬೂಟ್‌ಟೈಮ್ ಆಗಬೇಕು. ಮೊನೊಟಾನಿಕ್ ಹಾಕಿದ್ದರೆ ಬೆಳಿಗ್ಗೆ ಎದ್ದ ಬೋರ್ಡ್ ತಣ್ಣಗಾದ ಸೆನ್ಸರ್‌ನ ರೀಡಿಂಗನ್ನು ಕ್ಯಾಲಿಬ್ರೇಟ್ ಮಾಡದೆಯೇ ನಂಬುತ್ತಿತ್ತು. ಈಗ ನೀವು ಬರೆದ ಕಾರಣವನ್ನು, ಸೆನ್ಸರ್ ತಣ್ಣಗಾಗುವ ಮಾತೂ ಸೇರಿದಂತೆ, ಕಮಿಟ್ ಸಂದೇಶಕ್ಕೆ ಸೇರಿಸಲು ಹೇಳಿ. ಮುಂದೆ ಯಾರಾದರೂ ಅದನ್ನು ಮತ್ತೆ ಕೆಟೈಮ್_ಗೆಟ್‌ಗೆ ಬದಲಿಸಲು ಹೊರಟರೆ, ಸಾಲಿನ ಇತಿಹಾಸ ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಅದೇ ಮೊದಲು ಸಿಗಬೇಕು.

ಶೂನ್ಯಬಿಟ್

ಆ ವಿಳಂಬ ಸೇರಿಸಿದ ಟೆಸ್ಟನ್ನು ನಿಮ್ಮ ತಂಡದ ಟೆಸ್ಟ್‌ಗಳ ಜೊತೆ ಉಳಿಸಿಕೊಳ್ಳಿ, ಒಮ್ಮೆ ಓಡಿಸಿ ಬಿಸಾಡಬೇಡಿ. ಸಸ್ಪೆಂಡ್ ಮಾಡಿ ಎಬ್ಬಿಸಿ ಅವಧಿ ನೋಡುವ ಇನ್ನೊಂದನ್ನೂ ಬರೆಯಿರಿ. ಬೇಕಿದ್ದರೆ ನಾನು ಜೊತೆಗೂಡುತ್ತೇನೆ.

ಮ್ಯೂನಿಕ್_ಕನ್ನಡಿಗ

ರಿವ್ಯೂಡ್-ಬೈ ಹಾಕುವ ಮುನ್ನ, ಕರ್ನಲ್‌ನ ಸಬ್ಮಿಟಿಂಗ್ ಪ್ಯಾಚಸ್ ದಸ್ತಾವೇಜಿನಲ್ಲಿ ಆ ಸಾಲಿನ ಅರ್ಥವನ್ನು ಒಮ್ಮೆ ಓದಿ. ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ಕಂಡ ತೊಂದರೆಗಳನ್ನು ಬರೆದವರಿಗೆ ತಿಳಿಸಿದ್ದೇನೆ, ಅವರ ಉತ್ತರ ನನಗೆ ತೃಪ್ತಿ ತಂದಿದೆ ಎಂಬುದಕ್ಕೆ ಹಾಕುವ ಹೆಸರು ಅದು. ಓಡಿಸಿ ಮಾತ್ರ ನೋಡಿದವರಿಗೆ ಟೆಸ್ಟೆಡ್-ಬೈ ಇದೆ. ಹೊಸ ಆವೃತ್ತಿಯ ಮೊದಲನೆಯ ಪ್ಯಾಚ್‌ಗೆ ನೀವು ಎರಡನ್ನೂ ಹಾಕಬಹುದು.

ಹುಬ್ಬಳ್ಳಿ_ಎಂಬೆಡೆಡ್

ಸಸ್ಪೆಂಡ್ ಟೆಸ್ಟ್ ಓಡಿದ ಮೇಲೆ ಎರಡನ್ನೂ ಹಾಕುತ್ತೇನೆ. ಶೂನ್ಯಬಿಟ್ ಅವರೇ, ಟೆಸ್ಟ್‌ನ ಕರಡು ನಾಳೆ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.